ಹದಿನೇಳನೆಯ ಪುಟದ ಚುಕ್ಕೆ

ನವೆಂಬರ್ 21, ಮಂಗಳವಾರ

ಸೂರ್ಯ ಇವತ್ತು ಹೋದ. ಇನ್ನೆರಡು ತಿಂಗಳು ಉತ್ತರದ ಈ ತುದಿಗೆ ತಲೆ ಹಾಕುವುದಿಲ್ಲ. ರೇಡಿಯೊದಲ್ಲಿ ದಕ್ಷಿಣದ ಹುಡುಗಿಯೊಬ್ಬಳು, ಮೇಣದಬತ್ತಿ ಹಚ್ಚಿಕೊಳ್ಳಿ, ಹೊರಗೆ ನಡೆದಾಡಿ, ಮನಸ್ಸು ಹಗುರವಾಗಿಟ್ಟುಕೊಳ್ಳಿ ಎಂದು ಬುದ್ಧಿ ಹೇಳುತ್ತಿದ್ದಳು. ಬಾ ತಾಯಿ, ನೀನೇ ಬಂದು ನಡೆದಾಡು. ಸೌದೆ ಕೊಟ್ಟಿಗೆಗೆ ಹೋಗಿ ಬರುವಷ್ಟರಲ್ಲಿ ಗಾಳಿ ನನ್ನನ್ನು ಎರಡು ಸಲ ಬೇಲಿಗೆ ಒರಗಿಸಿತು. ಎಪ್ಪತ್ತೊಂದು ಚಳಿಗಾಲ ಕಂಡವಳಿಗೆ ಮೇಣದಬತ್ತಿಯ ಪಾಠ!

ನನ್ನ ಔಷಧ ಬೇರೆ. ಮೂರು ವಾರಕ್ಕೊಮ್ಮೆ ಬರುವ ಪುಸ್ತಕದ ಬಸ್ಸು, ಅದರೊಳಗೆ ಎಡಗಡೆಯ ಕೆಳಗಿನ ಎರಡು ಸಾಲು. ಎಲ್ಲ ಪತ್ತೇದಾರಿ ಕಾದಂಬರಿಗಳು. ಬಸ್ಸು ಓಡಿಸುವವನೂ ಪುಸ್ತಕ ಕೊಡುವವನೂ ಒಬ್ಬನೇ, ಐಲರ್ಟ್.

"ಈ ಸಲ ಏಳು ಕೊಲೆ ತಂದಿದ್ದೀನಿ ಅಮ್ಮ, ಸಾಕಾ?" ಎಂದ.

"ಮೂರು ವಾರದ ಕತ್ಲೆಗೆ ಏಳೇನಾ? ನಿಂದೂ ಒಂದು ಸೇರಿಸ್ಲಾ?" ಎಂದೆ. ನಕ್ಕ. ಮೀಸೆಯ ಮೇಲೆ ಮಂಜು ಗಟ್ಟಿಯಾಗಿತ್ತು.

ನಾಲ್ಕು ಪುಸ್ತಕ ತಂದೆ. ತರುವ ಮುಂಚೆ ಹದಿನೇಳನೆಯ ಪುಟ ನೋಡಿದೆ. ಇಲ್ಲಿಯ ಮುದುಕರೆಲ್ಲ ಮಾಡುವುದು ಹೀಗೆಯೇ. ಎಲ್ಲ ಪುಸ್ತಕದ ಹೊದಿಕೆಯ ಮೇಲೂ ಅದೇ ಹಿಮ, ಅದೇ ರಕ್ತ, ಅದೇ ಒಂಟಿ ಬೂಟು. ಓದಿದ್ದು ಯಾವುದು, ಓದದ್ದು ಯಾವುದು ಎಂದು ನೆನಪಿಡುವವರು ಯಾರು? ಹಾಗಾಗಿ ಓದಿ ಮುಗಿಸಿದವರು ತಮ್ಮ ತಮ್ಮ ಪುಟದಲ್ಲಿ ಪೆನ್ಸಿಲಿನ ಗುರುತು ಹಾಕುತ್ತಾರೆ. ನನ್ನದು ಹದಿನೇಳನೆಯ ಪುಟದ ಅಂಕೆಯ ಕೆಳಗೆ ಒಂದು ಚುಕ್ಕೆ. ನಿಯಮಕ್ಕೆ ವಿರುದ್ಧ, ಐಲರ್ಟ್ ಆ ಕಡೆ ನೋಡುವುದಿಲ್ಲ.

ಮೂವತ್ತಮೂರನೆಯ ಪುಟದ ಮೀನಿನ ಗಾಳ ಎದುರು ದಡದವಳದು. ಬಸ್ಸು ಬೆಳಿಗ್ಗೆ ಆ ದಡಕ್ಕೆ ಹೋಗಿ, ಕೊಲ್ಲಿ ಸುತ್ತಿಕೊಂಡು ಮಧ್ಯಾಹ್ನ ಈ ದಡಕ್ಕೆ ಬರುತ್ತದೆ. ಹೊಸ ಪುಸ್ತಕವೆಲ್ಲ ಮೊದಲು ಅವಳ ಪಾಲಿಗೆ. ಹನ್ನೊಂದು ವರ್ಷದಿಂದ ಮಾತಿಲ್ಲ, ಆದರೂ ಅವಳ ಎಂಜಲನ್ನೇ ನಾನು ಓದಬೇಕು. ಮುಂಚೆ ಆ ಗಾಳ ಅಚ್ಚುಕಟ್ಟಾಗಿ ಉಗುರಿನಷ್ಟಿರುತ್ತಿತ್ತು. ಈಗ ನೋಡಿದರೆ ಬೆರಳುದ್ದ, ಅಕ್ಷರದ ಮೇಲೆಲ್ಲ ಎಳೆದಿದ್ದಾಳೆ. ಒಂದರಲ್ಲಿ ಮೂವತ್ತೆರಡನೆಯ ಪುಟದಲ್ಲೇ ಇದೆ. ಸೊಕ್ಕು, ಇನ್ನೇನು.

ನವೆಂಬರ್ 27

ಮೊದಲ ಪುಸ್ತಕ ಮುಗಿಯಿತು. ಕೊಲೆಗಾರ ದಂತವೈದ್ಯ. ನನಗೆ ಅರವತ್ತನೆಯ ಪುಟದಲ್ಲೇ ಗೊತ್ತಾಗಿತ್ತು. ಯಾರೂ ಕೇಳದೆ ತಾನು ಎಲ್ಲಿದ್ದೆ ಎಂದು ಹೇಳಿಕೊಳ್ಳುವವನನ್ನು ನಾನು ನಂಬುವುದಿಲ್ಲ.

ಎದುರು ದಡದವಳ ಮನೆಯಲ್ಲಿ ಎಂಟು ಕಿಟಕಿಯಲ್ಲೂ ದೀಪ. ಮದುವೆ ಮನೆಯ ಹಾಗೆ! ಒಬ್ಬಳಿಗೆ ಎಷ್ಟು ಬೆಳಕು ಬೇಕು? ಗಂಡ ಪೇದರ್ ಸತ್ತು ನಾಲ್ಕು ವರ್ಷವಾಯಿತು, ಯಾರಿಗೆ ತೋರಿಸಬೇಕು ಈ ಡೌಲು? ನೀರಿನ ಮೇಲೆ ಬಿದ್ದ ಆ ಬೆಳಕು ನನ್ನ ಅಡುಗೆಮನೆಯವರೆಗೂ ಬಂದು ಕಣ್ಣಿಗೆ ಚುಚ್ಚುತ್ತದೆ. ಪರದೆ ಎಳೆದೆ. ಆಮೇಲೆ ಸೆಕೆಯೆನಿಸಿ ತೆಗೆದೆ.

ಸೌದೆ ತಂದು ಬಾಗಿಲ ಮೂಲೆಯಲ್ಲಿ ಒಟ್ಟಿದ್ದಾಯಿತು. ಇನ್ನೊಂದು ಸಾಲು ಹಿಡಿಸುತ್ತಿತ್ತು, ಆದರೆ ಮೊಳೆಯಲ್ಲಿ ನನ್ನ ಗಂಡ ಹಾಲ್ವರ್ ದೋಣಿಯಲ್ಲಿ ಸೊಂಟಕ್ಕೆ ಕಟ್ಟುತ್ತಿದ್ದ ಹಗ್ಗ ನೇತಾಡುತ್ತಿದೆ. ಹಿತ್ತಾಳೆ ಕೊಂಡಿ ಹಸಿರಾಗಿದೆ. ಅದನ್ನು ನಾನು ಮುಟ್ಟುವುದಿಲ್ಲ.

ಡಿಸೆಂಬರ್ 5

ಅಂಗಡಿಗೆ ಹೋಗಿದ್ದೆ. ಕಾಫಿಪುಡಿ, ಆಲೂಗಡ್ಡೆ, ಮಂಜುಗಡ್ಡೆಯ ಮೇಲೆ ಜಾರದಂತೆ ಬೂಟಿನ ಕೆಳಗೆ ಕಟ್ಟುವ ಮುಳ್ಳು. ಹಳೆಯದರ ಮುಳ್ಳು ಸವೆದು ಮೊನ್ನೆ ಅಂಗಳದಲ್ಲೇ ಕುಳಿತುಬಿಟ್ಟಿದ್ದೆ. ಅಂಗಡಿಯ ರಂದಿ ತೂಕ ಮಾಡುತ್ತ ಶುರುಮಾಡಿದಳು.

"ಸುನ್ನೀವಕ್ಕಾ, ಹೇಳ್ಬಾರ್ದೇನೋ, ಆದ್ರೂ… ನಿಮ್ಮಕ್ಕ ಬೆರಿತ್…"

"ಹೇಳ್ಬಾರ್ದು ಅಂತ ಗೊತ್ತಿದ್ಮೇಲೆ ಯಾಕೆ ಹೇಳ್ತೀಯ?"

"ಅಲ್ಲ, ಅವ್ರಿಗೆ ಈಚೆಗೆ…"

"ರಂದಿ, ನನ್ನೆದುರಿಗೆ ಆ ಹೆಸರು ಎತ್ತಬಾರ್ದು ಅಂತ ಎಷ್ಟು ಸಲ ಹೇಳಿಲ್ಲ? ಆಲೂಗಡ್ಡೆ ಹಾಕು."

ಆಲೂಗಡ್ಡೆ ಹಾಕಿದಳು. ಅವುಗಳಲ್ಲಿ ಎರಡು ಕೊಳೆತಿದ್ದವು.

ಡಿಸೆಂಬರ್ 12, ಮಂಗಳವಾರ

ಮನಸ್ಸು ಸರಿಯಿಲ್ಲ.

ಬಸ್ಸು ಬಂದಿತ್ತು. ನಾನು ಹತ್ತುತ್ತಿದ್ದಂತೆ ಐಲರ್ಟ್ ತನ್ನ ಸೀಟಿನ ಪಕ್ಕದಿಂದ ಒಂದು ದಪ್ಪ ಪುಸ್ತಕ ತೆಗೆದ. "ಇದು ನಿಮಗೇ ಅಂತ ಎತ್ತಿಟ್ಟಿದ್ದೀನಿ ಅಮ್ಮ. ಹೊಸದು. ದೀಪಸ್ತಂಭದಲ್ಲಿ ಕೊಲೆ."

ಮೂವತ್ತಮೂರು ನೋಡಿದೆ. ಅವಳ ಗಾಳ ಇತ್ತು, ಪುಟದ ಅರ್ಧಕ್ಕೆ. ಹದಿನೇಳು ತೆಗೆದೆ. ಚುಕ್ಕೆ ಇತ್ತು. ನನ್ನ ಚುಕ್ಕೆ.

"ಇದು ನಾನು ಓದಿರೋದು," ಎಂದೆ.

"ಇರಲಾರ್ದು ಅಮ್ಮ. ಅಕ್ಟೋಬರ್‌ನಲ್ಲಿ ಬಂದದ್ದು. ಅದಾದ್ಮೇಲೆ ಈ ದಡಕ್ಕೆ ಇದು ಬಂದೇ ಇಲ್ಲ."

"ನನ್ನ ಚುಕ್ಕೆ ನನಗೆ ಗೊತ್ತಾಗಲ್ವೇನಯ್ಯ? ನನಗೇನು ಅರಳುಮರಳಾ?"

ಪುಸ್ತಕವನ್ನು ಅಲ್ಲೇ ವಾಪಸ್ ಕೊಟ್ಟೆ. ನನ್ನ ಹಿಂದೆ ನಿಂತಿದ್ದ ಕಲ್ಲುಗಣಿ ಕಡೆಯ ಮುದುಕ ತೋರ್ಲೈಫ್, "ಹಾಗಾದ್ರೆ ನನಗಿರ್ಲಿ" ಎಂದು ಕೈ ಚಾಚಿದ. ತಗೊಂಡು ಹೋದ.

ಮನೆಗೆ ಬಂದಾಗಿನಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ದೀಪಸ್ತಂಭ. ದೀಪಸ್ತಂಭದಲ್ಲಿ ಯಾರು ಸತ್ತರು? ಒಂದು ಸಾಲೂ ನೆನಪಿಗೆ ಬರುತ್ತಿಲ್ಲ. ಅಮ್ಮನಿಗೂ ಹೀಗೆಯೇ ಶುರುವಾಗಿತ್ತು. ಮೊದಲು ಪುಸ್ತಕ, ಆಮೇಲೆ ಒಲೆ, ಕೊನೆಗೆ ನಮ್ಮ ಹೆಸರು. ನನಗೆ ಭಯವಾಗುತ್ತಿದೆ. ಹೇಳಿಕೊಳ್ಳಲು ಈ ದಿನಚರಿ ಪುಸ್ತಕ ಒಂದೇ ಇರುವುದು, ಆದ್ದರಿಂದ ಇಲ್ಲೇ ಹೇಳುತ್ತೇನೆ.

ಡಿಸೆಂಬರ್ 15

ಒಲೆ ಆರಿಸಿದೆನೇ ಎಂದು ನಾಲ್ಕು ಸಲ ಎದ್ದು ನೋಡಿದೆ. ಆರಿಸಿದ್ದೆ.

ಡಿಸೆಂಬರ್ 18

ಏನೂ ಇಲ್ಲ. ಕಪ್ಪು ಕಾಫಿ, ಕಪ್ಪು ಕಿಟಕಿ.

ಡಿಸೆಂಬರ್ 24

ಹಬ್ಬದ ಅಕ್ಕಿ ಗಂಜಿ ಮಾಡಿದೆ. ಪದ್ಧತಿಯಂತೆ ಒಂದೇ ಒಂದು ಬಾದಾಮಿ ಹಾಕಿ ಕಲಸಿದೆ, ಅದು ಯಾರಿಗೆ ಸಿಕ್ಕಿತೆಂದು ಪತ್ತೆಹಚ್ಚುವುದು ಆಟ. ಬಾದಾಮಿ ನನಗೇ ಸಿಕ್ಕಿತು. ಉಣ್ಣುವವಳು ಒಬ್ಬಳೇ ಆದಾಗ ಪತ್ತೇದಾರಿಕೆ ಏನು ಬಂತು.

ಚಿಕ್ಕವರಿದ್ದಾಗ ಪ್ರತಿ ವರ್ಷ ಬಾದಾಮಿ ಬೆರಿತ್‌ಗೇ ಸಿಗುತ್ತಿತ್ತು. ಕೆನ್ನೆಯೊಳಗೆ ಅಡಗಿಸಿಟ್ಟುಕೊಂಡು, ಎಲ್ಲರೂ ಪಾತ್ರೆಯ ತಳ ಕೆರೆಯುವವರೆಗೆ ಸುಮ್ಮನಿದ್ದು, ಆಮೇಲೆ ನಾಲಿಗೆ ಹೊರಗೆ ಚಾಚಿ ತೋರಿಸುತ್ತಿದ್ದಳು. ಅವಳ ಮುಖ ನೋಡಿ ಪತ್ತೆಹಚ್ಚುವುದನ್ನು ಕಲಿತದ್ದೇ ನಾನು, ಅಲ್ಲಿಂದಲೇ ನನಗೆ ಈ ಹುಚ್ಚು.

ಹಬ್ಬದ ದಿನ ಅದು ಬೇಡವೆಂದರೂ ನೆನಪಾಗುತ್ತದೆ. ಹನ್ನೊಂದು ವರ್ಷದ ಹಿಂದಿನ ಫೆಬ್ರವರಿ. ನನ್ನ ಹಾಲ್ವರ್, ಅವಳ ಪೇದರ್, ಒಂದೇ ದೋಣಿ. ವಾಪಸ್ ಬಂದದ್ದು ಪೇದರ್ ಒಬ್ಬನೇ. ದೋಣಿಯ ಮೂತಿಗೆ ಹಿಮ ಕಟ್ಟಿತ್ತಂತೆ, ಅದನ್ನು ಒಡೆಯಲು ಹಾಲ್ವರ್ ಮುಂದೆ ಹೋದನಂತೆ, ಸೊಂಟಕ್ಕೆ ಹಗ್ಗ ಕಟ್ಟಿರಲಿಲ್ಲವಂತೆ, ತಿರುಗಿ ನೋಡಿದರೆ ಇರಲಿಲ್ಲವಂತೆ. ಅಂತೆ, ಅಂತೆ, ಅಂತೆ. ಮೂವತ್ತು ವರ್ಷ ಸಮುದ್ರಕ್ಕೆ ಹೋದವನು ಹಗ್ಗ ಕಟ್ಟದೆ ಮೂತಿಗೆ ಹೋಗುತ್ತಾನೆಯೇ? ಶವ ಸಿಗದೆ, ಪೆಟ್ಟಿಗೆಯಿಲ್ಲದೆ ಮಾಡಿದ ಅಂತ್ಯಪ್ರಾರ್ಥನೆಯ ನಂತರ ಎಲ್ಲರೂ ಕಾಫಿ ಕುಡಿಯುವಾಗ ಊರೆಲ್ಲ ಕೇಳುವಂತೆ ಹೇಳಿದೆ: ಪೇದರ್ ಕುಡಿದಿದ್ದ, ಚುಕ್ಕಾಣಿ ತಪ್ಪಿಸಿದ, ಈಗ ತಪ್ಪನ್ನು ಸತ್ತವನ ತಲೆಗೆ ಕಟ್ಟುತ್ತಿದ್ದಾನೆ.

ಅವನು ದೇವರಾಣೆ ಎಂದ. ಬೆರಿತ್ ಬಟ್ಟಲು ಕೆಳಗಿಟ್ಟು, "ನಿನ್ನ ಗಂಡ ಹಗ್ಗ ಕಟ್ಕೊಳ್ದೆ ಹೋದ್ರೆ ನನ್ನ ಗಂಡ ಏನ್ಮಾಡ್ಬೇಕಿತ್ತೇ?" ಎಂದಳು. ಅದೇ ಕೊನೆಯ ಮಾತು. ಪೇದರ್ ಸತ್ತಾಗ ನಾನು ಹೋಗಲಿಲ್ಲ. ಹೋಗುವುದೇ ಇಲ್ಲ ಎಂದು ಮೊದಲೇ ಹೇಳಿದ್ದೆ.

ಗಂಜಿ ಮಿಕ್ಕಿದೆ. ನಾಳೆಗೂ ಆಗುತ್ತದೆ.

ಜನವರಿ 2, ಮಂಗಳವಾರ

ಬಸ್ಸಿಲ್ಲ. ಹಿಮ ಬಿದ್ದು ಘಾಟಿಯ ರಸ್ತೆ ಮುಚ್ಚಿದೆಯೆಂದು ರೇಡಿಯೊ ಹೇಳಿತು. ಮನೆಯಲ್ಲಿ ಓದದ ಪುಸ್ತಕ ಒಂದೂ ಇಲ್ಲ. ವಾಪಸ್ ಕೊಡದೆ ಉಳಿದ ದಂತವೈದ್ಯನದನ್ನೇ ಮತ್ತೆ ಓದುತ್ತಿದ್ದೇನೆ. ಎರಡನೆಯ ಸಲ ಓದುವಾಗ ಅವನು ಕೊಲೆಗಾರನೆಂದು ಎಲ್ಲ ಕಡೆ ಎದ್ದು ಕಾಣುತ್ತದೆ. ಮೊದಲ ಸಲ ಅರವತ್ತನೆಯ ಪುಟವಲ್ಲ, ತೊಂಬತ್ತಿರಬೇಕು.

ಜನವರಿ 9

ಕುರ್ಚಿಯನ್ನು ಕಿಟಕಿ ಪಕ್ಕಕ್ಕೆ ಎಳೆದುಕೊಂಡೆ. ಓದಲು ಅಲ್ಲಿ ಬೆಳಕು ಚೆನ್ನಾಗಿದೆ.

ಬೆರಿತ್ ಮನೆಯ ದೀಪ ಬೆಳಗಿನ ಜಾವಕ್ಕೂ ಆರುವುದಿಲ್ಲ. ನಿನ್ನೆ ಮೇಲಿನ ಕಿಟಕಿಯಲ್ಲಿ ಯಾರೋ ಬಹಳ ಹೊತ್ತು ನಿಂತಿದ್ದರು. ಇಷ್ಟು ದೂರದಿಂದ ಏನು ಕಂಡೀತು. ಕಂಬಳಿಯೂ ಇರಬಹುದು.

ಜನವರಿ 10

ಈ ದಿನವೂ ನಿಂತಿತ್ತು. ಕಂಬಳಿ ಅಲ್ಲ.

ಜನವರಿ 15

ದೀಪ ಇಲ್ಲ.

ಜನವರಿ 16

ಇವತ್ತೂ ಇಲ್ಲ. ಎಂಟರಲ್ಲಿ ಒಂದೂ ಇಲ್ಲ. ಎದುರು ದಡ ಎಲ್ಲಿ ಮುಗಿಯುತ್ತದೆ, ಗುಡ್ಡ ಎಲ್ಲಿ ಶುರುವಾಗುತ್ತದೆ, ಏನೂ ಗೊತ್ತಾಗುತ್ತಿಲ್ಲ. ಫ್ಯೂಸ್ ಹೋಗಿರಬೇಕು. ಹಾಳಾದ ಹಳೆ ತಂತಿ, ಪೇದರ್ ಇದ್ದಾಗಲೇ ಹಾಗಿತ್ತು. ಒಬ್ಬರಿಗೆ ಫೋನ್ ಮಾಡಿ ಸರಿಮಾಡಿಸಿಕೊಳ್ಳಲು ಏನು ಧಾಡಿ?

ಜನವರಿ 17

ಏನೂ ಓದಲಿಲ್ಲ.

ಜನವರಿ 18

ಉಪ್ಪು ಮುಗಿದಿದೆಯೆಂದು ಅಂಗಡಿಗೆ ಹೋದೆ. ಉಪ್ಪು ಇತ್ತು. ರಂದಿ ಪೊಟ್ಟಣ ಕೊಟ್ಟಳು, ಚಿಲ್ಲರೆ ಕೊಟ್ಟಳು, ನಾನು ಹೋಗಲಿಲ್ಲ.

"ಆ ಕಡೆ ಕರೆಂಟು ಹೋಗಿದ್ಯೇನು?" ಎಂದೆ.

"ಯಾವ ಕಡೆ?"

"ಅದೇ, ಆ ಕಡೆ."

"ಇಲ್ವಲ್ಲ."

"ಬೆರಿತ್ ಮನೇಲಿ ದೀಪ ಇಲ್ಲ."

ರಂದಿ ನನ್ನ ಮುಖವನ್ನೇ ನೋಡಿದಳು. "ಹೆಸರು ಎತ್ತಬೇಡ ಅಂದಿದ್ರಿ."

"ನಾನೇ ಎತ್ತಿದ್ದೀನಲ್ಲ, ಹೇಳೇ ಮಾರಾಯ್ತಿ!"

"ಸೋಮವಾರದ ಹಡಗಿಗೆ ಪಟ್ಟಣಕ್ಕೆ ಕರ್ಕೊಂಡು ಹೋದ್ರು. ವೃದ್ಧಾಶ್ರಮದಲ್ಲಿ ಜಾಗ ಸಿಕ್ತು. ಕಣ್ಣು ಪೂರ್ತಿ ಹೋಗಿತ್ತಲ್ಲ ಅಕ್ಕಾ. ಎರಡು ವರ್ಷದಿಂದ ಮಂಜಾಗ್ತಾ ಬಂದಿತ್ತು. ಅದಕ್ಕೇ ಎಲ್ಲಾ ದೀಪ ಹಾಕ್ಕೊಂಡು ಕೂತ್ಕೊಳ್ತಿದ್ರು, ನಿಮಗೆ ಕಾಣ್ತಿರಲಿಲ್ವಾ?"

ಕಾಣುತ್ತಿತ್ತು. ಡೌಲು ಎಂದು ಇದೇ ದಿನಚರಿಯಲ್ಲಿ ಬರೆದಿದ್ದೇನೆ. ಪುಟದ ಅರ್ಧಕ್ಕೆ ಹರಡಿದ ಗಾಳವೂ ಕಂಡಿತ್ತು, ಅದಕ್ಕೆ ಸೊಕ್ಕು ಎಂದು ಬರೆದಿದ್ದೇನೆ. ಕಾದಂಬರಿಯಲ್ಲಿ ಇಂಥ ಪತ್ತೇದಾರ ಬಂದರೆ ಪುಸ್ತಕ ಎಸೆಯುತ್ತಿದ್ದೆ.

ಜನವರಿ 23, ಮಂಗಳವಾರ

ಬಸ್ಸು ಬಂತು. ಐಲರ್ಟ್ ನನ್ನನ್ನು ಮೆಟ್ಟಿಲ ಮೇಲೆಯೇ ನಿಲ್ಲಿಸಿ ಮಡಿಸಿದ ಒಂದು ಕಾಗದ ಕೊಟ್ಟ. "ತೋರ್ಲೈಫ್ ಕೊಟ್ರು. ಆ ದೀಪಸ್ತಂಭದ ಪುಸ್ತಕದೊಳಗೆ, ಕೊನೇ ಅಧ್ಯಾಯದ ಹತ್ರ ಇತ್ತಂತೆ. ಮೇಲೆ ನಿಮ್ಮ ಹೆಸರಿದೆ. ಅವರು ಬಿಚ್ಚಿ ನೋಡಿಲ್ಲ. ಎರಡನೇ ತಾರೀಖು ಬಸ್ ಬಂದಿದ್ರೆ ಅವತ್ತೇ ಸಿಗ್ತಿತ್ತು." ಆಮೇಲೆ, ಅವನ ಕೆಲಸಕ್ಕೆ ನಿಷಿದ್ಧವಾದ ಮಾತೊಂದನ್ನು ಆಡಿದ. "ನಿಮ್ಮ ಅಕ್ಕ ಆ ಪುಸ್ತಕ ನನ್ನ ಕೈಗೇ ಕೊಟ್ಟು, ಇದು ಆ ದಡದೋಳಿಗೆ ಅಂದಿದ್ರು. ನಾನು ಯಾರು ಕೊಟ್ಟಿದ್ದು ಅಂತ ಹೇಳೋಹಾಗಿಲ್ಲ ಅಮ್ಮ. ಹೇಳ್ಬಿಡಬೇಕಿತ್ತು."

ಪುಸ್ತಕವನ್ನೂ ತಂದಿದ್ದೇನೆ. ದಪ್ಪ ಶಾಯಿಯಲ್ಲಿ ಬರೆದ ಕಾಗದ, ಸಾಲುಗಳು ಒಂದರ ಮೇಲೊಂದು ಹತ್ತಿವೆ. ಇಲ್ಲಿ ಸರಿಯಾಗಿ ಇಳಿಸಿಡುತ್ತೇನೆ:

"ಸುನ್ನೀವಾ, ಕಣ್ಣು ಹೋಯಿತು. ಈ ಪುಸ್ತಕ ಓದಿಲ್ಲ. ಹಿಂದಿನ ಆರೇಳೂ ಓದಿಲ್ಲ. ತರಿಸಿಕೊಂಡು ಬರೀ ಗಾಳ ಹಾಕಿ ಕಳಿಸುತ್ತಿದ್ದೆ, ನಾನು ಇದ್ದೀನಿ ಅಂತ ನಿನಗೆ ಗೊತ್ತಾಗಲಿ ಅಂತ. ಬಂದು ಓದಿ ಹೇಳು. ಜನವರಿ ಹತ್ತರವರೆಗೆ ಕಾಯುತ್ತೇನೆ, ಬರದಿದ್ದರೆ ಆಶ್ರಮದ ಕಾಗದಕ್ಕೆ ಸಹಿ ಹಾಕುತ್ತೇನೆ. ಪೇದರ್ ವಿಷಯ ಎತ್ತುವುದು ಬೇಡ. ಹದಿನೇಳನೇ ಪುಟದಲ್ಲಿ ನಿನ್ನ ಚುಕ್ಕೆ ಇಟ್ಟಿದ್ದೇನೆ, ಹೋಮ್‌ ನರ್ಸ್ ಪುಟ ತೆಗೆದುಕೊಟ್ಟಳು. ಅದನ್ನು ನೋಡಿದರೆ ಇದು ನಿನ್ನದು ಅಂತ ತಿಳಿಯುತ್ತೆ."

ತಿಳಿಯಲಿಲ್ಲ ಅಕ್ಕ. ನನ್ನ ಚುಕ್ಕೆ ಇದ್ದರೆ ಓದಿಯಾಯಿತು ಎಂದು ಅರ್ಥ. ನಲವತ್ತು ವರ್ಷದಿಂದ ಅದಕ್ಕೆ ಅದೊಂದೇ ಅರ್ಥ. ಎಲ್ಲ ಬಿಟ್ಟು ಚುಕ್ಕೆಯನ್ನೇ ಯಾಕೆ ಇಟ್ಟೆ? ಫೋನ್ ಮಾಡಬಾರದಿತ್ತೇ?

ನನ್ನ ಮನೆಯಲ್ಲೂ ಫೋನ್ ಇತ್ತು. ಅದೂ ನಿಜ.

ಜನವರಿ 24

ಆಶ್ರಮಕ್ಕೆ ಫೋನ್ ಮಾಡಿದೆ. ಯಾರೋ ಅವಳ ಕೈಗೆ ಕೊಟ್ಟರು.

"ಯಾರು?"

"ನಾನು."

"ನಾನು ಅಂದ್ರೆ?"

"ಸುನ್ನೀವಾ."

ಹಿಂದೆ ಎಲ್ಲೋ ಟಿ.ವಿ. ನಗುತ್ತಿತ್ತು. "ಹತ್ತನೇ ತಾರೀಖು ಆಗಿಹೋಯ್ತಲ್ಲೇ," ಎಂದಳು. ದನಿ ಅಮ್ಮನ ದನಿಯಂತಾಗಿದೆ.

ಎಲ್ಲವನ್ನೂ ಹೇಳಿದೆ. ಚುಕ್ಕೆ, ಐಲರ್ಟ್, ತೋರ್ಲೈಫ್, ಮುಚ್ಚಿದ ಘಾಟಿ. ಹೇಳುತ್ತ ಹೇಳುತ್ತ ನನಗೇ ಅದು ಕಟ್ಟಿದ ಕಥೆಯಂತೆ ಕೇಳಿಸಿತು.

"ಚೆನ್ನಾಗಿದೆ," ಎಂದಳು. "ನಿನ್ನ ಪುಸ್ತಕದಲ್ಲಿ ಯಾವನಾದ್ರೂ ಹೀಗಂದ್ರೆ ಏನಂತಿದ್ದೆ? ಇವನೇ ಕೊಲೆಗಾರ ಅಂತಿದ್ದೆ."

"ನಿಜ ಕಣೇ ಅಕ್ಕ. ದೇವರಾಣೆ."

"ಪೇದರೂ ದೇವರಾಣೆ ಅಂದಿದ್ದ."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ, ಅವಳೇ ಮುಂದುವರಿಸಿದಳು.

"ಹತ್ತನೇ ತಾರೀಖು ಮೇಲಿನ ಕಿಟಕೀಲಿ ನಿಂತಿದ್ದೆ ಕಣೆ. ಏನೂ ಕಾಣಲ್ಲ ಅಂತ ಗೊತ್ತು, ಆದ್ರೂ ನಿಂತಿದ್ದೆ. ಈಗ ಒಂದು ಕೆಲಸ ಮಾಡು. ಪೇದರ್ ಹೇಳಿದ್ದು ನಿಜ ಅನ್ನು. ಅಷ್ಟನ್ನ ನೀನು ಅನ್ನು, ನಿನ್ನ ಚುಕ್ಕೆ ಕಥೇನ ನಾನು ನಂಬ್ತೀನಿ."

"ಅದನ್ನ ಎತ್ತೋದು ಬೇಡ ಅಂತ ಕಾಗದದಲ್ಲಿ ನೀನೇ ಬರ್ದಿದ್ದೀಯ."

"ಆಗ ಬೇಡವಾಗಿತ್ತು. ಈಗ ಬೇಕು."

ಅಷ್ಟನ್ನು ನಾನು ಅನ್ನಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಫೋನ್ ಇಟ್ಟಳು.

ಇದ್ದದ್ದನ್ನು ಇದ್ದ ಹಾಗೆ ಹೇಳಿದರೂ ನಂಬುವುದಿಲ್ಲ ಎಂದರೆ ಮನುಷ್ಯ ಇನ್ನೇನು ಮಾಡಬೇಕು?

ಜನವರಿ 27

ಸೂರ್ಯ ಬಂದ. ಅರ್ಧ ಗಂಟೆ, ಗುಡ್ಡದ ಬಿರುಕಿನಲ್ಲಿ. ಅಂಗಡಿಯ ಮೆಟ್ಟಿಲ ಮೇಲೆ ಎಲ್ಲರೂ ನಿಂತು, ಸೂರ್ಯ ಮರಳುವ ದಿನಕ್ಕೆಂದೇ ಮಾಡುವ ಸೂರ್ಯನ ಬನ್ ತಿಂದರು, ಮಕ್ಕಳು ಕಿರುಚಿದರು. ರಂದಿ ನನಗೊಂದು ಕಟ್ಟಿಕೊಟ್ಟಳು. ಮನೆಗೆ ತಂದು ಬಾಗಿಲು ತೆರೆದಾಗ ಬಿಸಿಲು ನೆಟ್ಟಗೆ ಒಳಗೆ ಬಂದು ಮೊಳೆಯ ಮೇಲೆ ಬಿತ್ತು.

ಹಗ್ಗವನ್ನು ಇಳಿಸಿದೆ. ಕೊಂಡಿ ಕೈಗೆ ತಣ್ಣಗೆ ಹತ್ತಿತು.

ಬರೆಯುತ್ತೇನೆ, ಇನ್ನೇನು. ಹಾಲ್ವರನಿಗೆ ಇದ್ದದ್ದು ಇದೊಂದೇ ಹಗ್ಗ. ಅವತ್ತು ಬೆಳಿಗ್ಗೆ ಅವನು ಹೋದಾಗ ಇದು ಈ ಮೊಳೆಯ ಮೇಲೆಯೇ ಇತ್ತು. ಅವತ್ತೇ ಸಂಜೆ, ಪೇದರ್ ಇದೇ ಬಾಗಿಲಲ್ಲಿ ನಿಂತು ನಡುಗುತ್ತ ಹೇಳುತ್ತಿದ್ದಾಗ, ಅವನ ಹೆಗಲ ಹಿಂದೆ ಇದು ನೇತಾಡುತ್ತಿದ್ದುದನ್ನು ನಾನು ನೋಡಿದೆ. ನೋಡಿಯೂ ಅವನನ್ನು ಸುಳ್ಳ ಎಂದೆ. ಹಾಲ್ವರ್ ಮರೆತು ಹೋದ, ಮರೆಗುಳಿಯಂತೆ ಸತ್ತ ಎನ್ನುವುದಕ್ಕಿಂತ ಯಾರೋ ಕೊಂದರು ಎನ್ನುವುದು ನನಗೆ ಸುಲಭವಾಗಿತ್ತು. ಹಿಂದಿನ ರಾತ್ರಿ ಅವನೊಂದಿಗೆ ಜಗಳವಾಡಿ, ಬೆಳಿಗ್ಗೆ ಮುಖ ತಿರುಗಿಸಿ ಮಲಗಿದ್ದೆ. ಇಲ್ಲದಿದ್ದರೆ ಹಗ್ಗ ತಗೋ ಎಂದು ನಾನೇ ಹೇಳುತ್ತಿದ್ದೆ. ದಿನಾ ಹೇಳುತ್ತಿದ್ದವಳು ನಾನೇ.

ಬನ್ ತಿನ್ನಲಿಲ್ಲ.

ಜನವರಿ 28, ಭಾನುವಾರ

ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತು ಬಾಯಿಪಾಠ ಮಾಡಿದೆ. ಜೋರಾಗಿ, ಮೆಲ್ಲಗೆ, ಮತ್ತೆ ಜೋರಾಗಿ. ಹನ್ನೆರಡಕ್ಕೆ ನಂಬರ್ ತಿರುಗಿಸಿದೆ. ಹಲೋ ಎಂದರೆ ಧೈರ್ಯ ಇಳಿದುಹೋಗುತ್ತದೆಂದು, ಆ ಕಡೆ ಎತ್ತಿದ ಕೂಡಲೇ ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಪೇದರ್ ಹೇಳಿದ್ದು ನಿಜ. ಹಗ್ಗ ಇಲ್ಲೇ ಮೊಳೆ ಮೇಲಿತ್ತು. ನನಗೆ ಅವತ್ತೇ ಗೊತ್ತಿತ್ತು ಅಕ್ಕ."

"ಹಲೋ? ಹಲೋ? ಯಾರು ಬೇಕಾಗಿತ್ತು?" ಯಾವುದೋ ಎಳೆಯ ದನಿ. ಹಿಂದೆ ತಟ್ಟೆ ಲೋಟದ ಸದ್ದು. ಬೆರಿತ್ ಎಂದೆ. "ಬೆರಿತ್ ಅವ್ರಾ? ಅವ್ರು ಊಟಕ್ಕೆ ಹೋಗಿದ್ದಾರೆ. ನಾನು ನರ್ಸು. ನೀವು ಅವ್ರ ತಂಗೀನಾ? ಗಲಾಟೇಲಿ ಸರಿಯಾಗಿ ಕೇಳಿಸ್ಲಿಲ್ಲ ಅಮ್ಮ, ಇನ್ನೊಂದ್ಸಲ ಹೇಳಿ. ಬರ್ಕೊಂಡು ಅವ್ರಿಗೆ ಓದಿ ಹೇಳ್ತೀನಿ."

ಒಂದು ಸಲ ಹೇಳಲು ಹನ್ನೊಂದು ವರ್ಷ ಹಿಡಿದಿತ್ತು.

"ಏನಿಲ್ಲ," ಎಂದೆ.

"ಏನಿಲ್ವಾ? ಸರಿ ಅಮ್ಮ, ಹಾಗೇ ಹೇಳ್ತೀನಿ."

ಈಗ ಊಟ ಮುಗಿದಿರಬೇಕು. ನಿಮ್ಮ ತಂಗಿ ಫೋನ್ ಮಾಡಿದ್ರು, ಏನೂ ಇಲ್ಲವಂತೆ ಎಂದು ಆ ಹುಡುಗಿ ಅವಳಿಗೆ ಓದಿ ಹೇಳಿರುತ್ತಾಳೆ.